ಸ್ಯಾನಟೋರಿಯಂನಿಂದ ಮನೆ ಬಾಗಿಲಿಗೆ: ಕ್ಷಯದ ಮದ್ದು ನಡೆದು ಬಂದ ದಾರಿ

ಬೆಂಗಳೂರಿನ ಡೇರಿ ಸರ್ಕಲ್ ಹೆಸರು ಕೇಳದ ಹಾಲು ಉತ್ಪಾದಕರು ಕಡಿಮೆ. 1965ರಲ್ಲಿ ಆರಂಭವಾದ ಬೆಂಗಳೂರು ಡೇರಿಯಿಂದಲೇ ಆ ವೃತ್ತಕ್ಕೆ ಆ ಹೆಸರು ಬಂತು. ಅಲ್ಲಿಂದ ಹೆಚ್ಚು ದೂರವಿಲ್ಲದೆ, ಜಯನಗರದ ಅಂಚಿನ ಸೋಮೇಶ್ವರನಗರದಲ್ಲಿ, ನಿಮ್ಹಾನ್ಸ್ ಪಕ್ಕದ ಕಡೆ ಇನ್ನೊಂದು ಹಳೆಯ ಸಂಸ್ಥೆ ಇದೆ. ಅದರ ಈಗಿನ ಹೆಸರು ಎಸ್‌ಡಿಎಸ್ ಕ್ಷಯರೋಗ ಸಂಶೋಧನಾ ಕೇಂದ್ರ ಮತ್ತು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ. ಹಳಬರ ಬಾಯಲ್ಲಿ ಮಾತ್ರ ಅದು ಇಂದಿಗೂ "ಟಿಬಿ ಸ್ಯಾನಟೋರಿಯಂ".

ಸ್ಯಾನಟೋರಿಯಂ ಎಂದರೆ ಏನು? ಕ್ಷಯ ಬಂದವರನ್ನು ಒಂದು ಕಾಲದಲ್ಲಿ ಊರಾಚೆ ಏಕೆ ಇಡುತ್ತಿದ್ದರು? ಈಗ ಅದೇ ಕಾಯಿಲೆಗೆ ಮನೆಯಲ್ಲೇ ಮಾತ್ರೆ ನುಂಗಿದರೆ ಸಾಕು ಎನ್ನುತ್ತಾರಲ್ಲ, ಅದು ಹೇಗೆ ಸಾಧ್ಯವಾಯಿತು? ಈ ಕಥೆಯಲ್ಲಿ ಹಸುವೂ ಇದೆ, ಹಾಲೂ ಇದೆ, ಗೊಬ್ಬರ ಹಾಕಿದ ಹೊಲದ ಮಣ್ಣೂ ಇದೆ. ನಮ್ಮದೇ ತುಮಕೂರು, ಬೆಂಗಳೂರು ಜಿಲ್ಲೆಗಳ ಹಳ್ಳಿಗಳೂ ಇವೆ. ಆದ್ದರಿಂದ ನಮ್ಮ ಉತ್ಪಾದಕ ತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು. ಹೆಂಗಸರು ಮನೆಯವರೆಲ್ಲರ ಕೆಮ್ಮನ್ನೂ ಗಮನಿಸುತ್ತಾರೆ, ಹಸು ಕೆಮ್ಮಿದರೂ ಪಶುವೈದ್ಯರಿಗೆ ಹೇಳಿ ಕಳಿಸುತ್ತಾರೆ. ತಮ್ಮ ಕೆಮ್ಮನ್ನು ಮಾತ್ರ "ಒಲೆ ಹೊಗೆ", "ಹುಲ್ಲಿನ ಧೂಳು" ಎಂದು ತಳ್ಳಿಹಾಕುತ್ತಾರೆ.

ಕಾರಣ ತಿಳಿಯದ ಕಾಲ

ಕ್ಷಯ ಎಂದರೆ ಸವೆಯುವುದು, ಕ್ಷೀಣಿಸುವುದು. ಕಾಯಿಲೆಯ ಗುಣವೇ ಅದರ ಹೆಸರಾಯಿತು. ಆಯುರ್ವೇದ ಗ್ರಂಥಗಳು ಇದನ್ನು ರಾಜಯಕ್ಷ್ಮ ಎಂದು ಕರೆದವು. ಚಂದ್ರನು ದಕ್ಷನ ಹೆಣ್ಣುಮಕ್ಕಳನ್ನು ಮದುವೆಯಾಗಿ ರೋಹಿಣಿಯೊಬ್ಬಳನ್ನೇ ಅತಿಯಾಗಿ ಪ್ರೀತಿಸಿದ, ಉಳಿದವರ ದೂರು ಕೇಳಿದ ಮಾವ ಶಾಪ ಕೊಟ್ಟ, ಚಂದ್ರ ದಿನದಿನಕ್ಕೆ ಸೊರಗಿದ ಎಂಬ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ರಾಜನಾದ ಚಂದ್ರನಿಗೆ ಬಂದ ಕಾಯಿಲೆ ಎಂಬುದರಿಂದ ರಾಜಯಕ್ಷ್ಮ ಎಂಬ ಹೆಸರು ಬಂತೆನ್ನುತ್ತಾರೆ.

ಕಥೆ ಏನೇ ಇರಲಿ, ಆ ವೈದ್ಯರು ರೋಗಲಕ್ಷಣಗಳನ್ನು ಚೆನ್ನಾಗಿಯೇ ಗುರುತಿಸಿದ್ದರು. ಬಿಡದ ಕೆಮ್ಮು, ಜ್ವರ, ಕಫದಲ್ಲಿ ರಕ್ತ, ಊಟ ಸೇರದಿರುವುದು, ಮೈ ಇಳಿಯುವುದು ಎಲ್ಲವೂ ಅವರ ಪಟ್ಟಿಯಲ್ಲಿವೆ. ಚಿಕಿತ್ಸೆಯಲ್ಲಿ ಆಡಿನ ಹಾಲು, ಆಡಿನ ತುಪ್ಪ, ಮಾಂಸದ ಸಾರು ಮುಖ್ಯವಾಗಿದ್ದವು. ಸವೆಯುತ್ತಿರುವ ದೇಹಕ್ಕೆ ಪುಷ್ಟಿ ಕೊಡಬೇಕು ಎಂಬುದು ಅವರ ತರ್ಕ. ಅದು ತಪ್ಪಲ್ಲ. ಇಂದಿನ ವೈದ್ಯರೂ ಕ್ಷಯ ರೋಗಿಗೆ ಒಳ್ಳೆಯ ಊಟ ಬೇಕೆನ್ನುತ್ತಾರೆ. ಆದರೆ ಪುಷ್ಟಿ ಕೊಟ್ಟ ಮಾತ್ರಕ್ಕೆ ಶ್ವಾಸಕೋಶದೊಳಗಿನ ಕ್ರಿಮಿ ಸಾಯುವುದಿಲ್ಲ. ಕ್ರಿಮಿ ಇದೆ ಎಂಬುದೇ ಆಗ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದ ಜಾಗದಲ್ಲಿ ಭಯ ಬೆಳೆಯುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬಂದಾಗ "ಇದು ವಂಶದ ಕಾಯಿಲೆ" ಎಂದರು. ಯೂರೋಪಿನ ಅನೇಕ ವೈದ್ಯರೂ ಹಾಗೆಯೇ ನಂಬಿದ್ದರು. ವಂಶದ ಕಾಯಿಲೆ ಎಂದಾಗ ಅದರ ಹೊರೆ ಹೆಣ್ಣುಮಕ್ಕಳ ಮೇಲೆ ಬಿತ್ತು. ಅಂಥ ಮನೆಯ ಹುಡುಗಿಯನ್ನು ತರಲು ಜನ ಹಿಂಜರಿದರು, ಸೊಸೆಗೆ ಕಾಯಿಲೆ ಕಂಡರೆ ತವರಿಗೆ ಕಳಿಸಿದರು. ಕ್ಷಯವನ್ನು ಮುಚ್ಚಿಡುವ ಅಭ್ಯಾಸದ ಬೇರು ಇಲ್ಲಿದೆ.

ಎದೆಯ ಸದ್ದು, ಕಣ್ಣಿಗೆ ಕಂಡ ಕ್ರಿಮಿ

ಎದೆಯೊಳಗೆ ಏನಾಗಿದೆ ಎಂದು ತಿಳಿಯಲು ಹಿಂದಿನ ವೈದ್ಯರು ರೋಗಿಯ ಎದೆಗೆ ನೇರವಾಗಿ ಕಿವಿ ಇಟ್ಟು ಕೇಳುತ್ತಿದ್ದರು. 1816ರಲ್ಲಿ ಪ್ಯಾರಿಸ್ ನಗರದಲ್ಲಿ ರೆನೆ ಲೆನೆಕ್ ಎಂಬ ವೈದ್ಯರ ಬಳಿಗೆ ಎದೆಯ ತೊಂದರೆಯಿದ್ದ ಒಬ್ಬ ಯುವತಿ ಬಂದಳು. ಪರ ಹೆಣ್ಣುಮಗಳ ಎದೆಗೆ ಕಿವಿ ಇಡಲು ಅವರಿಗೆ ಸಂಕೋಚವಾಯಿತು. ಕಾಗದದ ಹಾಳೆಗಳನ್ನು ಬಿಗಿಯಾಗಿ ಸುತ್ತಿ ಕೊಳವೆ ಮಾಡಿ, ಒಂದು ತುದಿ ಅವಳ ಎದೆಗೂ ಇನ್ನೊಂದು ತುದಿ ತಮ್ಮ ಕಿವಿಗೂ ಇಟ್ಟರು. ಸದ್ದು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು! ಆಮೇಲೆ ಮರದ ಕೊಳವೆ ಮಾಡಿಸಿಕೊಂಡರು. ಇಂದು ಎಲ್ಲ ಡಾಕ್ಟರರ ಕೊರಳಲ್ಲಿ ತೂಗುವ ಸ್ಟೆತಸ್ಕೋಪ್ ಹುಟ್ಟಿದ್ದು ಹೀಗೆ. ಲೆನೆಕ್ ಆ ಕೊಳವೆಯಿಂದ ಶ್ವಾಸಕೋಶದ ಕಾಯಿಲೆಗಳನ್ನು ಒಂದರಿಂದ ಒಂದು ಬೇರ್ಪಡಿಸಿ ಗುರುತಿಸಿದರು. ಆದರೆ ಗುರುತಿಸುವುದು ಬೇರೆ, ಗುಣಪಡಿಸುವುದು ಬೇರೆ. 1826ರಲ್ಲಿ, 45ನೇ ವಯಸ್ಸಿನಲ್ಲಿ, ಅವರೇ ಕ್ಷಯಕ್ಕೆ ಬಲಿಯಾದರು.

ಕಾರಣ ಸಿಕ್ಕಿದ್ದು ಇನ್ನೂ 56 ವರ್ಷಗಳ ನಂತರ. 1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಅವರು ಬರ್ಲಿನ್‌ನಲ್ಲಿ ಕ್ಷಯದ ಕ್ರಿಮಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಪ್ರತಿ ವರ್ಷ ಮಾರ್ಚ್ 24ನ್ನು ವಿಶ್ವ ಕ್ಷಯರೋಗ ದಿನ ಎಂದು ಆಚರಿಸುವುದು ಇದೇ ಕಾರಣಕ್ಕೆ. ಕಾಯಿಲೆ ಶಾಪವಲ್ಲ, ವಂಶದ್ದೂ ಅಲ್ಲ, ಕ್ರಿಮಿಯಿಂದ ಬರುವಂಥದ್ದು ಎಂದು ಅಂದು ಖಚಿತವಾಯಿತು. ರೋಗಿ ಕೆಮ್ಮಿದಾಗ ಕ್ರಿಮಿಗಳು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಲ್ಲಿ ಗಾಳಿಗೆ ಸೇರುತ್ತವೆ. ಅದೇ ಕೋಣೆಯಲ್ಲಿ ಬಹಳ ಹೊತ್ತು ಉಸಿರಾಡಿದವರ ಶ್ವಾಸಕೋಶಕ್ಕೆ ಹೋಗುತ್ತವೆ. ಒಂದೇ ಮನೆಯಲ್ಲಿ ಹಲವರಿಗೆ ಬರುವುದು ರಕ್ತಸಂಬಂಧದಿಂದಲ್ಲ, ಒಂದೇ ಗಾಳಿ ಹಂಚಿಕೊಳ್ಳುವುದರಿಂದ.

1895ರಲ್ಲಿ ಎಕ್ಸ್‌ರೇ ಬಂತು. ಎದೆಯ ಸದ್ದು ಕೇಳಿಸಿತ್ತು, ಕ್ರಿಮಿ ಕಂಡಿತ್ತು, ಈಗ ಶ್ವಾಸಕೋಶದ ಗಾಯವೂ ಕಂಡಿತು. ಮದ್ದು ಮಾತ್ರ ಇನ್ನೂ ಇರಲಿಲ್ಲ.

ಸ್ಯಾನಟೋರಿಯಂ ದಿನಗಳು

ಮದ್ದಿಲ್ಲದ ಕಾಲದಲ್ಲಿ ವೈದ್ಯರು ಮಾಡಿದ ಏರ್ಪಾಡೇ ಸ್ಯಾನಟೋರಿಯಂ. 19ನೇ ಶತಮಾನದ ಮಧ್ಯಭಾಗದಲ್ಲಿ ಯೂರೋಪಿನಲ್ಲಿ ಇವು ಆರಂಭವಾದವು. ಊರಿನಿಂದ ದೂರ, ಒಳ್ಳೆಯ ಗಾಳಿ ಬೀಸುವ ಜಾಗದಲ್ಲಿ ಉದ್ದನೆಯ ಜಗಲಿಗಳಿರುವ ಕಟ್ಟಡ ಕಟ್ಟುತ್ತಿದ್ದರು. ಅಲ್ಲಿ ಪೂರ್ಣ ವಿಶ್ರಾಂತಿ, ತೆರೆದ ಗಾಳಿ ಮತ್ತು ಪುಷ್ಟಿಕರ ಆಹಾರ ಇವೇ ಚಿಕಿತ್ಸೆ. ಹಾಲು ಮತ್ತು ಮೊಟ್ಟೆ ಆ ಊಟದ ಮುಖ್ಯ ಭಾಗವಾಗಿದ್ದವು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಲ್ಲೇ ಇರಬೇಕಾಗಿತ್ತು.

ನಮ್ಮ ಕಡೆಗೂ ಸ್ಯಾನಟೋರಿಯಂಗಳು ಬಂದವು. ಕೋಲಾರ ಜಿಲ್ಲೆಯ ಗಡಿಯಾಚೆ, ಮದನಪಲ್ಲಿಯ ಹತ್ತಿರ ಕ್ರೈಸ್ತ ಮಿಷನ್‌ಗಳು ಸೇರಿ 1915ರಲ್ಲಿ ಒಂದನ್ನು ತೆರೆದವು. ಆ ಜಾಗಕ್ಕೆ ಆರೋಗ್ಯವರಂ ಎಂದೇ ಹೆಸರಾಯಿತು. ಡೆನ್ಮಾರ್ಕ್ ದೇಶದ ಡಾ. ಕ್ರಿಶ್ಚಿಯನ್ ಫ್ರಿಮೊಡ್ಟ್ ಮೊಲ್ಲರ್ ಅದನ್ನು ಬಹುಕಾಲ ನಡೆಸಿದರು. ಮೈಸೂರಿನಲ್ಲಿ 1921ರಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಸ್ಯಾನಟೋರಿಯಂ ಆರಂಭವಾಯಿತು. ಇಂದಿಗೂ ಜನ ಅದನ್ನು ಪಿಕೆಟಿಬಿ ಆಸ್ಪತ್ರೆ ಎನ್ನುತ್ತಾರೆ. ಕೃಷ್ಣಾಜಮ್ಮಣ್ಣಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ. ಕ್ಷಯದಿಂದಲೇ ತೀರಿಕೊಂಡ ಅವರ ನೆನಪಿಗೆ ಆ ಸಂಸ್ಥೆ ಕಟ್ಟಿದರು. ಅರಮನೆಯ ಊಟ, ಅರಮನೆಯ ವೈದ್ಯರು ಇದ್ದರೂ ರಾಜಕುಮಾರಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಇಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಮಾತ್ರೆ ಅಂದು ಮಹಾರಾಜರಿಗೂ ಸಿಗುವಂತಿರಲಿಲ್ಲ.

ಬೆಂಗಳೂರಿನ ಸ್ಯಾನಟೋರಿಯಂ ಇರುವ ಜಾಗವೂ ಅಂದು ಊರ ಹೊರಗೆ. ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದದ್ದೇ 1948ರಲ್ಲಿ. ಭೈರಸಂದ್ರ, ತಾವರೆಕೆರೆ, ಮಡಿವಾಳ, ಸಾರಕ್ಕಿ, ಯಡಿಯೂರು ಎಲ್ಲ ಹೊಲ, ಕೆರೆ, ದನದ ಕೊಟ್ಟಿಗೆಗಳಿದ್ದ ಹಳ್ಳಿಗಳು. ಇಂದು ಬಿಟಿಎಂ ಲೇಔಟ್, ಜೆಪಿ ನಗರ, ಬನಶಂಕರಿ ಬೆಳೆದು ಊರಾಚೆ ಎಂಬುದು ನಡುಊರಾಗಿದೆ.

ವಿಶ್ರಾಂತಿಯಿಂದ ಗುಣ ಕಾಣದವರಿಗೆ ಇನ್ನೂ ಕಠಿಣ ಚಿಕಿತ್ಸೆ ಇತ್ತು. ಇಟಲಿಯ ಫೋರ್ಲಾನಿನಿ ಎಂಬ ವೈದ್ಯರು ಎದೆಗೂಡಿಗೆ ಸೂಜಿ ಚುಚ್ಚಿ, ಶ್ವಾಸಕೋಶದ ಹೊರಗೆ ಗಾಳಿ ತುಂಬಿಸಿ, ಕಾಯಿಲೆ ಬಿದ್ದ ಶ್ವಾಸಕೋಶವನ್ನು ಕುಗ್ಗಿಸುವ ವಿಧಾನ ತಂದರು. ಮುರಿದ ಕೈಗೆ ಪಟ್ಟಿ ಕಟ್ಟಿ ಅಲುಗಾಡದಂತೆ ಇಟ್ಟರೆ ಕೂಡಿಕೊಳ್ಳುತ್ತದಲ್ಲ, ಹಾಗೆ ಶ್ವಾಸಕೋಶಕ್ಕೂ ವಿಶ್ರಾಂತಿ ಕೊಟ್ಟರೆ ಒಳಗಿನ ಗಾಯ ಮುಚ್ಚಬಹುದು ಎಂಬ ಲೆಕ್ಕಾಚಾರ. ಆ ಗಾಳಿ ಮೈಯಲ್ಲೇ ಕರಗಿಹೋಗುವುದರಿಂದ ಮತ್ತೆ ಮತ್ತೆ ತುಂಬಿಸಬೇಕಿತ್ತು. ಅದೂ ಸಾಲದಾದಾಗ ಪಕ್ಕೆಲುಬುಗಳನ್ನು ತೆಗೆದು ಆ ಬದಿಯ ಎದೆಯನ್ನು ಶಾಶ್ವತವಾಗಿ ಕುಗ್ಗಿಸುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಬದುಕಿದವರ ಭುಜ ಒಂದು ಕಡೆಗೆ ವಾಲಿಕೊಂಡಿರುತ್ತಿತ್ತು. ಇವುಗಳಿಂದ ಕೆಲವರು ಉಳಿದರು, ಅನೇಕರು ಉಳಿಯಲಿಲ್ಲ.

ಹಾಸಿಗೆಗಳಿಗಿಂತ ರೋಗಿಗಳು ಎಷ್ಟೋ ಪಾಲು ಹೆಚ್ಚಿದ್ದರು. ಹಾಸಿಗೆ ಸಿಕ್ಕಿದರೂ, ಮನೆಯಲ್ಲಿ ಎಳೆ ಮಗು, ಕೊಟ್ಟಿಗೆಯಲ್ಲಿ ಎರಡು ಹಸು ಇರುವ ಹೆಂಗಸು ವರ್ಷಗಟ್ಟಲೆ ಹೋಗಿ ಮಲಗುವುದು ಹೇಗೆ? ಸ್ಯಾನಟೋರಿಯಂ ಹಲವರಿಗೆ ಎಟುಕದ ಹಣ್ಣಾಗಿತ್ತು, ಹೆಂಗಸರಿಗಂತೂ ಇನ್ನೂ ಹೆಚ್ಚು.

ಹಸು, ಹಾಲು ಮತ್ತು ಕ್ಷಯ

ಇಲ್ಲಿ ನಮ್ಮ ಕಸುಬಿಗೆ ನೇರ ಸಂಬಂಧಪಟ್ಟ ವಿಷಯ ಬರುತ್ತದೆ. ಹಸುಗಳಿಗೂ ಕ್ಷಯ ಬರುತ್ತದೆ. ಅದನ್ನು ತರುವುದು ಮನುಷ್ಯರ ಕ್ಷಯದ ಕ್ರಿಮಿಯ ದಾಯಾದಿಯಂಥ ಇನ್ನೊಂದು ಕ್ರಿಮಿ. 1901ರಲ್ಲಿ ರಾಬರ್ಟ್ ಕಾಕ್ ಅವರು ಲಂಡನ್ನಿನ ಸಮ್ಮೇಳನದಲ್ಲಿ, ಹಸುವಿನ ಕ್ಷಯದಿಂದ ಮನುಷ್ಯರಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂದುಬಿಟ್ಟರು. ಅಷ್ಟು ದೊಡ್ಡವರ ಮಾತಾದರೂ ಬ್ರಿಟಿಷರು ಹಾಗೇ ನಂಬಲಿಲ್ಲ. ಒಂದು ಆಯೋಗ ನೇಮಿಸಿ ಹತ್ತು ವರ್ಷ ತನಿಖೆ ಮಾಡಿಸಿದರು. ಹಸಿ ಹಾಲಿನ ಮೂಲಕ ಹಸುವಿನ ಕ್ಷಯ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ ಬರುತ್ತದೆ ಎಂದು ಸಾಬೀತಾಯಿತು. ಹಾಲಿನಿಂದ ಬರುವ ಕ್ಷಯ ಹೆಚ್ಚಾಗಿ ಕುತ್ತಿಗೆಯ ಗಡ್ಡೆಗಳಲ್ಲಿ, ಹೊಟ್ಟೆಯಲ್ಲಿ, ಮೂಳೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಮದ್ದು ಸುಲಭ: ಹಾಲನ್ನು ಕಾಯಿಸುವುದು. ಡೇರಿಯಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ 15 ಸೆಕೆಂಡು ಕಾಯಿಸಿ ತಕ್ಷಣ ತಣಿಸುತ್ತಾರೆ. ಇದೇ ಪಾಶ್ಚರೀಕರಣ. ಇಷ್ಟು ಶಾಖಕ್ಕೆ ಕ್ಷಯದ ಕ್ರಿಮಿ ಸಾಯುತ್ತದೆ. ಮನೆಯಲ್ಲಿ ಒಂದು ಉಕ್ಕು ಬರುವಂತೆ ಕುದಿಸಿದರೂ ಸಾಯುತ್ತದೆ. ಹಾಲು ಕಾಯಿಸಿ ಕುಡಿಯುವ ನಮ್ಮ ಹೆಂಗಸರ ಪದ್ಧತಿ ಮನೆ ಮಕ್ಕಳನ್ನು ಕಾಪಾಡುತ್ತ ಬಂದಿದೆ. ಆದರೆ ಒಂದು ಅಭ್ಯಾಸ ಇನ್ನೂ ಕೆಲವು ಕಡೆ ಉಳಿದಿದೆ. ಕರೆದ ಕೂಡಲೇ ನೊರೆಹಾಲು ಕುಡಿದರೆ ಶಕ್ತಿ ಎಂದು ಮಕ್ಕಳಿಗೆ ಕೊಟ್ಟಿಗೆಯಲ್ಲೇ ಲೋಟ ಕೊಡುವುದು. ಇದನ್ನು ದಯವಿಟ್ಟು ಬಿಡಿ. ನೊರೆಹಾಲಿನಲ್ಲಿರುವ ಶಕ್ತಿ ಕಾಯಿಸಿದ ಹಾಲಿನಲ್ಲೂ ಇರುತ್ತದೆ.

ಹಸುವಿನಿಂದ ಬಂದದ್ದು ಕಾಯಿಲೆಯಷ್ಟೇ ಅಲ್ಲ, ರಕ್ಷಣೆಯೂ ಬಂದಿದೆ. ಹೆರಿಗೆಯಾದ ಕೂಡಲೇ ಮಗುವಿನ ಎಡತೋಳಿಗೆ ಬಿಸಿಜಿ ಚುಚ್ಚುಮದ್ದು ಹಾಕುತ್ತಾರಲ್ಲ, ಅದರ ಮೂಲ ಒಂದು ಹಸುವಿನ ಕೆಚ್ಚಲು. ಫ್ರಾನ್ಸಿನ ನೊಕಾರ್ ಎಂಬ ಪಶುವೈದ್ಯರು ಕ್ಷಯದಿಂದ ಕೆಚ್ಚಲು ಬಾವು ಬಂದಿದ್ದ ಹಸುವಿನಿಂದ ಈ ಕ್ರಿಮಿಯನ್ನು ಬೇರ್ಪಡಿಸಿದ್ದರು. ಕಾಲ್ಮೆಟ್ ಎಂಬ ವೈದ್ಯರು ಮತ್ತು ಗೆರಿನ್ ಎಂಬ ಪಶುವೈದ್ಯರು ಸೇರಿ 1908ರಿಂದ ಅದನ್ನು ಪಿತ್ತರಸ ಸೇರಿಸಿದ ಆಲೂಗಡ್ಡೆಯ ಮೇಲೆ ಬೆಳೆಸತೊಡಗಿದರು. ಹೀಗೆ 13 ವರ್ಷ, 230 ಬಾರಿ ಒಂದರಿಂದ ಒಂದಕ್ಕೆ ವರ್ಗಾಯಿಸುತ್ತ ಬಂದಾಗ ಕ್ರಿಮಿ ಕಾಯಿಲೆ ತರುವ ಬಲ ಕಳೆದುಕೊಂಡಿತು. 1921ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಾರಿ ಒಂದು ಎಳೆಗೂಸಿಗೆ ಅದನ್ನು ಕೊಟ್ಟರು. ಭಾರತದಲ್ಲಿ ಬಿಸಿಜಿ 1948ರಲ್ಲಿ ಆರಂಭವಾಯಿತು. ಚಿಕ್ಕ ಮಕ್ಕಳಿಗೆ ಮೆದುಳಿಗೆ ಏರುವಂಥ ಭೀಕರ ಕ್ಷಯ ಬಾರದಂತೆ ಅದು ತಡೆಯುತ್ತದೆ. ದೊಡ್ಡವರಾದ ಮೇಲೆ ಬರುವ ಶ್ವಾಸಕೋಶದ ಕ್ಷಯವನ್ನು ಅಷ್ಟಾಗಿ ತಡೆಯುವುದಿಲ್ಲ. ಆದ್ದರಿಂದ "ಚಿಕ್ಕಂದಿನಲ್ಲಿ ಸೂಜಿ ಹಾಕಿಸಿದ್ದೇವೆ, ನಮಗೆ ಬರೋದಿಲ್ಲ" ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಗೊಬ್ಬರದ ಮಣ್ಣಿನಿಂದ ಬಂದ ಮದ್ದು

ಕ್ರಿಮಿಯನ್ನೇ ಕೊಲ್ಲುವ ಮದ್ದು ಸಿಕ್ಕಿದ್ದು 1943ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಮಣ್ಣಿನ ವಿಜ್ಞಾನಿ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ಯುವ ವಿದ್ಯಾರ್ಥಿ, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳಲ್ಲಿ ಯಾವುದು ಕ್ಷಯದ ಕ್ರಿಮಿಯನ್ನು ಕೊಲ್ಲಬಲ್ಲದು ಎಂದು ಹುಡುಕುತ್ತಿದ್ದರು. ಸಿಕ್ಕಿದ್ದು ಎರಡು ಕಡೆ. ಒಂದು, ಗೊಬ್ಬರ ಚೆನ್ನಾಗಿ ಹಾಕಿದ್ದ ಹೊಲದ ಮಣ್ಣಿನಲ್ಲಿ. ಇನ್ನೊಂದು, ಒಂದು ಕೋಳಿಯ ಗಂಟಲಿನಲ್ಲಿ. ಆ ಜೀವಿ ಉತ್ಪಾದಿಸುವ ವಸ್ತುವೇ ಸ್ಟ್ರೆಪ್ಟೋಮೈಸಿನ್. ಕೋಟಿ ಜನರ ಜೀವ ತೆಗೆದ ಕಾಯಿಲೆಗೆ ಮದ್ದು ರೈತರ ಕಾಲಡಿಯ ಮಣ್ಣಿನಲ್ಲೇ ಇತ್ತು.

ಆದರೆ ಕೆಲವೇ ವರ್ಷಗಳಲ್ಲಿ ಒಂದು ಆಘಾತ ಕಾದಿತ್ತು. ಸ್ಟ್ರೆಪ್ಟೋಮೈಸಿನ್ ಒಂದನ್ನೇ ಕೊಟ್ಟವರು ಮೊದಲು ಚೇತರಿಸಿಕೊಂಡರು. ಕೆಲ ತಿಂಗಳಲ್ಲಿ ಅನೇಕರಿಗೆ ಕಾಯಿಲೆ ಮರುಕಳಿಸಿತು, ಈ ಬಾರಿ ಮದ್ದು ನಾಟಲಿಲ್ಲ. ಕಾರಣ ಇಷ್ಟು: ಲಕ್ಷಾಂತರ ಕ್ರಿಮಿಗಳಲ್ಲಿ ಒಂದೆರಡಕ್ಕೆ ಆ ಮದ್ದನ್ನು ತಾಳಿಕೊಳ್ಳುವ ಗುಣ ಇರುತ್ತದೆ. ಉಳಿದವು ಸತ್ತಾಗ ಅವು ಮಾತ್ರ ಉಳಿದು ಬೆಳೆಯುತ್ತವೆ. ಹೊಲದಲ್ಲಿ ಕಳೆ ಕೀಳುವಾಗ ಅರ್ಧಕ್ಕೆ ಬಿಟ್ಟರೆ ಗಟ್ಟಿ ಬೇರಿನವೇ ಉಳಿದು ಹಬ್ಬುವಂತೆ. ಆಮೇಲೆ ಪಿಎಎಸ್ ಎಂಬ ಮದ್ದು ಬಂತು, 1952ರಲ್ಲಿ ಐಸೋನಿಯಾಜಿಡ್ ಬಂತು. ಒಂದು ಮದ್ದು ತಾಳಿಕೊಂಡ ಕ್ರಿಮಿಯನ್ನು ಇನ್ನೊಂದು ಕೊಲ್ಲುತ್ತದೆ. ಆದ್ದರಿಂದ ಎರಡು ಮೂರು ಮದ್ದುಗಳನ್ನು ಸೇರಿಸಿಯೇ ಕೊಡಬೇಕು, ಕೊನೆಯ ಕ್ರಿಮಿ ಸಾಯುವ ತನಕ ನಿಲ್ಲಿಸಬಾರದು ಎಂಬ ನಿಯಮ ಆಗ ಹುಟ್ಟಿತು. ಇಂದಿಗೂ ಕ್ಷಯಕ್ಕೆ ಹಲವು ಮದ್ದುಗಳನ್ನು ಒಟ್ಟಿಗೆ ಕೊಡುವುದು, "ಪೂರ್ತಿ ನುಂಗಿ" ಎಂದು ಆರೋಗ್ಯ ಕಾರ್ಯಕರ್ತೆಯರು ಬೆನ್ನು ಹತ್ತುವುದು ಇದಕ್ಕೇ.

ಮನೆಯೇ ಆಸ್ಪತ್ರೆಯಾದದ್ದು

ಮಾತ್ರೆ ಬಂದ ಮೇಲೂ ರೋಗಿಯನ್ನು ಸ್ಯಾನಟೋರಿಯಂನಲ್ಲೇ ಇಡಬೇಕೇ? ಈ ಪ್ರಶ್ನೆಗೆ ಇಡೀ ಜಗತ್ತಿಗೆ ಉತ್ತರ ಕೊಟ್ಟದ್ದು ನಮ್ಮ ಪಕ್ಕದ ಮದರಾಸು. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ನಗರದ ಬಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ ಹಾಸಿಗೆ, ವಿಶ್ರಾಂತಿ, ಒಳ್ಳೆಯ ಊಟ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಾದ ಮನೆಯಲ್ಲೇ ಇದ್ದು, ಇದ್ದ ಊಟ ಉಂಡರು. ಇಬ್ಬರಿಗೂ ಒಂದೇ ಮಾತ್ರೆ, ಒಂದು ವರ್ಷ. 1959ರಲ್ಲಿ ಫಲಿತಾಂಶ ಬಂದಾಗ ವೈದ್ಯಲೋಕ ಬೆರಗಾಯಿತು. ಮನೆಯಲ್ಲಿದ್ದವರು ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗಿದ್ದರು. ಅವರಿಂದಾಗಿ ಮನೆಯವರಿಗೆ ಕಾಯಿಲೆ ಹೆಚ್ಚಾಗಿ ಹರಡಿರಲೂ ಇಲ್ಲ. ಸರಿಯಾಗಿ ಮಾತ್ರೆ ನುಂಗಿದ ಕೆಲವೇ ವಾರಗಳಲ್ಲಿ ಹರಡುವ ಶಕ್ತಿ ಬಹಳಷ್ಟು ಕುಗ್ಗುತ್ತದೆ ಎಂಬುದು ಇದಕ್ಕೆ ಕಾರಣ.

ನೂರು ವರ್ಷಗಳ ಸ್ಯಾನಟೋರಿಯಂ ಪದ್ಧತಿ ಅಲ್ಲಿಗೆ ಕೊನೆಯ ದಾರಿ ಹಿಡಿಯಿತು. ಮನೆ, ಮಕ್ಕಳು, ದನಕರು ಬಿಟ್ಟು ಹೋಗಲಾರದ ಹೆಂಗಸಿಗೆ ಬಾಗಿಲು ತೆರೆದದ್ದು ಈ ಅಧ್ಯಯನ.

ನಮ್ಮ ಹಳ್ಳಿಗಳು ಕಲಿಸಿದ ಪಾಠ

ಮದ್ದು ಸಿಕ್ಕಿತು, ಮನೆಯಲ್ಲೇ ಕೊಡಬಹುದು ಎಂದೂ ತಿಳಿಯಿತು. ಆದರೆ ಹಳ್ಳಿಯಲ್ಲಿರುವ ರೋಗಿಯನ್ನು ಹುಡುಕುವುದು ಹೇಗೆ? ಈ ಕೆಲಸಕ್ಕೆ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1960ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ನೆಹರು ಅದನ್ನು ಉದ್ಘಾಟಿಸಿದರು.

ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗಿನ ಬಹುಪಾಲು ತಜ್ಞರು ತಿಳಿದಿದ್ದರು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ಕ್ಷಯವಿದ್ದ ಜನರನ್ನೇ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೇರೆಯದನ್ನೇ ಹೇಳಿತು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು, ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅನೇಕರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಮಾಡಿರಲಿಲ್ಲ.

ಅಂದರೆ ತಪ್ಪಿದ್ದು ಹಳ್ಳಿಯ ಜನರಲ್ಲ. ಅವರು ಬಾಗಿಲು ತಟ್ಟಿದ್ದರು, ಒಳಗಿದ್ದವರಿಗೆ ಕೇಳಿಸಿರಲಿಲ್ಲ. ಈ ತಿಳಿವಳಿಕೆಯ ಮೇಲೆಯೇ ಬೆಂಗಳೂರಿನ ಸಂಸ್ಥೆ ಜಿಲ್ಲಾ ಕ್ಷಯ ಕಾರ್ಯಕ್ರಮ ರೂಪಿಸಿತು. ಕೆಮ್ಮು ಎಂದು ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲೇ ಮಾತ್ರೆ ಕೊಡುವ ಸರಳ ವ್ಯವಸ್ಥೆ ಅದು. 1962ರಿಂದ ಇಡೀ ದೇಶ ಅದನ್ನು ಅನುಸರಿಸಿತು.

ಇದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಇನ್ನೊಂದು ಅಧ್ಯಯನ ಮಾಡಿತು. ಕಫದಲ್ಲಿ ಕ್ರಿಮಿ ಇದ್ದು, ಸರಿಯಾದ ಚಿಕಿತ್ಸೆ ಇಲ್ಲದೆ ಉಳಿದವರಿಗೆ ಏನಾಯಿತು ಎಂಬುದು ಅದರಿಂದ ತಿಳಿಯಿತು. ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೂರರಲ್ಲಿ ಒಂದು ಪಾಲು ಜನರ ಕಫದಲ್ಲಿ ಕ್ರಿಮಿ ತಾನಾಗಿಯೇ ಇಲ್ಲವಾಗಿತ್ತು. ಉಳಿದವರು ಕ್ರಿಮಿ ಹೊರಹಾಕುತ್ತಲೇ ಇದ್ದರು, ಸುತ್ತಲಿನವರಿಗೆ ಹಂಚುತ್ತಲೇ ಇದ್ದರು. ಕೆಮ್ಮನ್ನು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಅವು ನಮ್ಮ ಪಕ್ಕದ ಹಳ್ಳಿಗಳೇ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

*ಕ್ಷಯದ ಚಿಕಿತ್ಸೆ ಎಷ್ಟು ದಿನ?*
ರಿಫಾಂಪಿಸಿನ್ ಎಂಬ ಮದ್ದು ಸೇರಿದ ಮೇಲೆ ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಸಾಕು. ಮಾತ್ರೆ ದಿನವೂ ನುಂಗಬೇಕು. ಒಂದೆರಡು ತಿಂಗಳಲ್ಲೇ ಕೆಮ್ಮು ನಿಂತು, ತೂಕ ಏರಿ, "ಗುಣವಾಯಿತು" ಅನಿಸುತ್ತದೆ. ಅಪಾಯ ಅಲ್ಲೇ ಇದೆ. ಆಗ ಬಿಟ್ಟರೆ ಮದ್ದಿಗೆ ಬಗ್ಗದ ಕ್ಷಯ ಬರಬಹುದು. ಅದರ ಚಿಕಿತ್ಸೆ ಹೆಚ್ಚು ಕಷ್ಟ.

*ಚಿಕಿತ್ಸೆ ಪಡೆಯುತ್ತಿರುವವರು ಹಾಲು ಕರೆಯಬಹುದೇ?*
ಮೊದಲ ಕೆಲವು ವಾರ ಆದಷ್ಟು ವಿಶ್ರಾಂತಿ ತೆಗೆದುಕೊಳ್ಳಿ, ಕರೆಯುವ ಕೆಲಸವನ್ನು ಮನೆಯ ಗಂಡಸರು ಇಲ್ಲವೇ ಬೇರೆಯವರು ಮಾಡಲಿ. ದೇಹಕ್ಕೆ ಬಲ ಬಂದ ಮೇಲೆ ವೈದ್ಯರನ್ನು ಕೇಳಿ ಕೆಲಸ ಮುಂದುವರಿಸಬಹುದು. ಕೆಮ್ಮುವಾಗ ಸೆರಗು ಅಥವಾ ಮಾಸ್ಕ್ ಬಾಯಿಗೆ ಇರಲಿ. ತಟ್ಟೆ, ಲೋಟ, ಬಟ್ಟೆ ಮುಟ್ಟುವುದರಿಂದ ಕ್ಷಯ ಹರಡುವುದಿಲ್ಲ. ಅವರ ತಟ್ಟೆ ಬೇರೆ ಇಡುವ ಅಗತ್ಯವೇ ಇಲ್ಲ.

*ಬಾಣಂತಿಗೆ ಕ್ಷಯ ಇದ್ದರೆ ಮಗುವಿಗೆ ಎದೆಹಾಲು ಕೊಡಬಹುದೇ?*
ಕೊಡಬಹುದು. ಮಾತ್ರೆ ತಪ್ಪದೆ ನುಂಗುತ್ತ, ಹಾಲೂಡಿಸುವಾಗ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಮಗುವಿಗೆ ಬೇರೆ ಔಷಧಿ ಬೇಕೇ ಎಂದು ವೈದ್ಯರು ಹೇಳುತ್ತಾರೆ.

*ಹಸು ಕೆಮ್ಮಿದರೆ ಕ್ಷಯವೇ?*
ಎಲ್ಲ ಕೆಮ್ಮೂ ಕ್ಷಯವಲ್ಲ. ಮೇವು ತಿಂದರೂ ದಿನೇ ದಿನೇ ಸೊರಗುವುದು, ಬಿಡದ ಕೆಮ್ಮು, ಗಡ್ಡೆ ಊತ ಕಂಡರೆ ಪಶುವೈದ್ಯರಿಗೆ ತೋರಿಸಿ. ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆಯಿಂದ ಪತ್ತೆ ಹಚ್ಚುತ್ತಾರೆ. ಹೊಸ ಹಸು ಕೊಳ್ಳುವಾಗಲೂ ಆರೋಗ್ಯ ತಪಾಸಣೆ ಮಾಡಿಸುವುದು ಒಳ್ಳೆಯದು.

ನೆನಪಿಡಿ

• ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಡ್ಡೆ: ಇವುಗಳಲ್ಲಿ ಯಾವುದು ಕಂಡರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಪರೀಕ್ಷೆಯೂ ಮಾತ್ರೆಯೂ ಉಚಿತ.

• ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರೆ "ನನ್ನ ಕಫ ಪರೀಕ್ಷೆ ಮಾಡಿ" ಎಂದು ನೀವೇ ಕೇಳಿ. ಕೇಳುವ ಹಕ್ಕು ನಿಮಗಿದೆ.

• ಮನೆಯಲ್ಲಿ ಒಬ್ಬರಿಗೆ ಕ್ಷಯ ಇದ್ದರೆ ಉಳಿದವರೂ, ಮುಖ್ಯವಾಗಿ ಮಕ್ಕಳೂ ತಪಾಸಣೆ ಮಾಡಿಸಿಕೊಳ್ಳಬೇಕು.

• ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 1,000 ರೂ. ಬರುತ್ತದೆ. ಮೊದಲು 500 ರೂ. ಇದ್ದದ್ದು 2024ರ ನವೆಂಬರ್‌ನಿಂದ ಹೆಚ್ಚಾಗಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಹೆಸರು ನೋಂದಾಯಿಸಿ.

• ಸಂಘಕ್ಕೆ ಹಾಕುವ ಹಾಲಿನಲ್ಲಿ ಮನೆಯವರಿಗೆಂದು ಒಂದು ಲೋಟ ಉಳಿಸಿಕೊಳ್ಳಿ, ಕಾಯಿಸಿ ಕುಡಿಯಿರಿ. ಅದರಲ್ಲಿ ನಿಮ್ಮ ಪಾಲೂ ಇರಲಿ.

• ಮನೆಯ ಕಿಟಕಿ ಹಗಲು ತೆರೆದಿರಲಿ. ಗಾಳಿ ಬೆಳಕು ಬೇಕೆಂದ ಸ್ಯಾನಟೋರಿಯಂ ವೈದ್ಯರ ಆ ಮಾತು ಇಂದಿಗೂ ಸರಿ.

ಹಾಲು ಹಾಕಲು ಬೆಳಿಗ್ಗೆ ಸಂಜೆ ಸಂಘದ ಮುಂದೆ ಸಾಲಿನಲ್ಲಿ ನಿಲ್ಲುವಾಗ ಪಕ್ಕದವರ ಕೆಮ್ಮು ನಿಮಗೆ ಕೇಳಿಸಿಯೇ ಇರುತ್ತದೆ. ಎರಡು ವಾರವಾದರೂ ನಿಂತಿಲ್ಲವಾದರೆ "ಯಾಕಕ್ಕಾ, ತೋರಿಸಿದ್ದೀಯಾ?" ಎಂದು ಕೇಳಿ, ಆಸ್ಪತ್ರೆಗೆ ಜೊತೆಗೆ ಹೋಗಿ ಬನ್ನಿ. ಆ ದಿನ ಅವರ ಮನೆಯ ಹಸು ಕರೆಯುವ ಕೆಲಸವನ್ನು ಇನ್ನೊಬ್ಬರು ನೋಡಿಕೊಳ್ಳಲಿ. ಸಹಕಾರ ಎಂಬ ಮಾತಿಗೆ ಅದೂ ಸೇರುತ್ತದೆ.